ಎರಡು ಗಂಟಿನ ದಾರ

ನಾನು ಹೆದರುವ ಸಂಗತಿಗಳ ಪಟ್ಟಿ ಉದ್ದವಿದೆ. ಗ್ಯಾಸ್ ಸಿಲಿಂಡರ್, ಲಿಫ್ಟು, ಹೊತ್ತಲ್ಲದ ಹೊತ್ತಿನಲ್ಲಿ ಬರುವ ಫೋನು, ರಕ್ತ ಪರೀಕ್ಷೆಯ ಕಾಗದ, ಮದುವೆ ಮನೆಯ ಮೊಸರು, ಎಲ್ಲವೂ ಅದರಲ್ಲಿವೆ. ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ಮರಳಿ ಬಂದು ಎಳೆದು ನೋಡುವ ಜಾತಿ ನನ್ನದು. ಆದರೆ ಐವತ್ತು ತುಂಬುವವರೆಗೂ ಆ ಪಟ್ಟಿಯಲ್ಲಿ ದೆವ್ವಕ್ಕೆ ಜಾಗ ಸಿಕ್ಕಿರಲಿಲ್ಲ. ಯಾರಾದರೂ ಅಂಥ ಕಥೆ ಹೇಳತೊಡಗಿದರೆ ನಾನು ಚಹಾದ ಕಪ್ಪಿನ ತಳ ನೋಡುತ್ತ ಕೂಡುತ್ತಿದ್ದೆ. ಇದ್ದವರ ಚಿಂತೆಯೇ ನನಗೆ ಸಾಕಾಗಿ ಹೋಗಿದೆ, ಸತ್ತವರ ಚಿಂತೆಗೆ ಪುರಸೊತ್ತು ಎಲ್ಲಿ ಅನ್ನುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ನಂಬುತ್ತೇನೆ ಎಂದೂ ಅನ್ನುವುದಿಲ್ಲ. ನಾಲ್ಕು ವರ್ಷದ ಹಿಂದೆ ಕಮಲಾಪುರದ ಕೆರೆಯ ದಂಡೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಬಿಟ್ಟು ಹೇಳಿದರೆ ಇದು ಬರಿ ಕಥೆಯಾದೀತು.

ನನ್ನ ಕೆಲಸ ಮೊದಲು ಹೇಳಬೇಕು, ಕೇಳಿದವರು ನಗುತ್ತಾರೆ. ಕಲಬುರಗಿಯ ಶಹಾಬಜಾರದಲ್ಲಿ, ಎರಡು ಸೈಕಲ್ ಎದುರಾಬದುರಾ ಬಂದರೆ ಒಂದು ನಿಲ್ಲಬೇಕಾದ ಓಣಿಯಲ್ಲಿ, ನನ್ನದೊಂದು ಸಣ್ಣ ವರ್ಕ್‌ಶಾಪಿದೆ. ಬೋರ್ಡಿನ ಮೇಲೆ 'ಹಡಗಿನ ಎಂಜಿನ್ ರಿಪೇರಿ' ಎಂದು ಬರೆಸಿದ್ದೇನೆ. ಸಮುದ್ರ ನಮ್ಮಿಂದ ನೂರಾರು ಮೈಲಿ ದೂರ. ಮುಂಬಯಿಯ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಹದಿನಾರು ವರ್ಷ ಲಾಂಚುಗಳ ಎಂಜಿನ್ ಬಿಚ್ಚಿ ಕಟ್ಟಿದ ಸೊಕ್ಕಿಗೆ ಬರೆಸಿದ ಬೋರ್ಡು ಅದು. ಬರುವುದೆಲ್ಲ ಜನರೇಟರು, ನೀರೆತ್ತುವ ಪಂಪು. ಒಬ್ಬರು ಮಾತ್ರ ಬೋರ್ಡು ನಂಬಿ ಬಂದರು. ಕಮಲಾಪುರದ ಗುರುಪಾದಪ್ಪ. ಅವರ ಕೆಂಪು ಬಾಳೆಯ ತೋಟ ಕೆರೆಯ ಆಚೆ ದಂಡೆಯಲ್ಲಿದೆ. ಕೆರೆ ತುಂಬಿದಾಗ ಸುತ್ತುದಾರಿ ಬಹಳ ದೂರವಾಗುತ್ತದೆಂದು ಅವರು ಮುಂಬಯಿಯಿಂದ ಒಂದು ಹಳೆಯ ಲಾಂಚನ್ನು ಲಾರಿಯ ಮೇಲೆ ಹೇರಿಸಿ ತಂದು ನೀರಿಗೆ ಬಿಟ್ಟಿದ್ದರು. ಮುಂಜಾನೆ ಕೂಲಿ ಹೆಣ್ಣುಮಕ್ಕಳು ಅದರಲ್ಲಿ ತೋಟಕ್ಕೆ ಹೋಗುತ್ತಾರೆ, ಬರುವಾಗ ಬಾಳೆಗೊನೆಗಳ ಜೊತೆ ಬರುತ್ತಾರೆ. ನಡೆಸುವವನು ಮಾಪಣ್ಣ, ಹೆಚ್ಚು ಮಾತಿಲ್ಲದ, ನನ್ನದೇ ವಯಸ್ಸಿನ ಮನುಷ್ಯ.

ಈಗ ಈ ಕಥೆಯ ಮುಖ್ಯ ಸಾಮಾನಾದ ಥರ್ಮೋಸ್ಟಾಟಿನ ವಿಷಯ. ಎಂಜಿನ್ನಿನ ಸುತ್ತ ನೀರು ತಿರುಗುತ್ತದೆ. ಆ ದಾರಿಯಲ್ಲಿ ಅಂಗೈಯಲ್ಲಿ ಹಿಡಿಸುವ ಒಂದು ಹಿತ್ತಾಳೆಯ ಬಿಲ್ಲೆ ಇರುತ್ತದೆ, ಅದೇ ಥರ್ಮೋಸ್ಟಾಟ್, ಅದರ ಹೊಟ್ಟೆಯಲ್ಲಿ ಮೇಣ. ಎಂಜಿನ್ ತಣ್ಣಗಿರುವಾಗ ಬಿಲ್ಲೆ ಬಾಯಿ ಮುಚ್ಚಿಕೊಂಡು ನೀರನ್ನು ಒಳಗೇ ತಿರುಗಿಸುತ್ತದೆ. ಕಾವು ಏರಿದಾಗ ಮೇಣ ಉಬ್ಬಿ, ಬಾಯಿ ತೆರೆದು, ಬಿಸಿನೀರನ್ನು ತಣಿಯಲು ಹೊರಗೆ ಕಳಿಸುತ್ತದೆ. ಜೊತೆಗೆ ಒಳಗಿನ ಅಡ್ಡದಾರಿಯನ್ನು ತನ್ನ ಬಾಲದಿಂದ ಮುಚ್ಚುತ್ತದೆ. ಇಷ್ಟೇ ಅದರ ಕೆಲಸ. ನಮ್ಮ ಕಡೆ ಲಾರಿ ಮೆಕ್ಯಾನಿಕರು ಮೊದಲು ಮಾಡುವ ಕೆಲಸವೆಂದರೆ ಅದನ್ನು ಕಿತ್ತು ಒಗೆಯುವುದು. ಇಂಥ ಬಿಸಿಲಿನ ಊರಲ್ಲಿ ಎಂಜಿನ್ ಬೆಚ್ಚಗಿಡುವ ಸಾಮಾನು ಯಾತಕ್ಕೆ ಎನ್ನುವುದು ಅವರ ತರ್ಕ. ಕೆಲವು ಎಂಜಿನ್ನಿಗೆ ಅದು ನಡೆದೀತು. ಗುರುಪಾದಪ್ಪನವರ ಲಾಂಚಿನಂಥದ್ದಕ್ಕೆ ನಡೆಯುವುದಿಲ್ಲ. ಬಿಲ್ಲೆ ಇಲ್ಲದಿದ್ದರೆ ಅಡ್ಡದಾರಿ ತೆರೆದೇ ಉಳಿದು, ಬಿಸಿನೀರು ತಣಿಯಲು ಹೋಗದೆ ಮತ್ತೆ ಎಂಜಿನ್ನಿಗೇ ಬರುತ್ತದೆ. ಭಾರ ಹೇರಿಕೊಂಡು ಗಾಳಿಗೆ ಎದುರು ಹೋದರೆ ಹತ್ತು ನಿಮಿಷದಲ್ಲಿ ಎಂಜಿನ್ ಕಾದು ಹಿಡಿದುಕೊಂಡು ನಿಂತೇಬಿಡುತ್ತದೆ, ಅದೂ ನಡುನೀರಿನಲ್ಲಿ.

ಇದನ್ನೆಲ್ಲ ಕಲಿಸಿದವರು ಬಾಬಾಮಿಯಾ ಉಸ್ತಾದರು. ಶಹಾಬಜಾರದವರೇ, ನನ್ನನ್ನು ಮುಂಬಯಿಗೆ ಕರೆದುಕೊಂಡು ಹೋದವರು. ಥರ್ಮೋಸ್ಟಾಟನ್ನು ಪರೀಕ್ಷಿಸುವ ಅವರ ರೀತಿ ಹೀಗಿತ್ತು. ಬಿಲ್ಲೆಯನ್ನು ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ಸುಣ್ಣದ ಪೊರೆ ತೆಗೆಯುವುದು. ಅದರ ಮುಚ್ಚಿದ ಬಾಯಿಯನ್ನು ಸ್ಕ್ರೂಡ್ರೈವರಿನಿಂದ ಚೂರು ಎಬ್ಬಿಸಿ ಒಂದು ದಾರ ಸಿಕ್ಕಿಸುವುದು. ದಾರದಿಂದ ಅದನ್ನು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕೆಳಗೆ ಒಲೆ ಹಚ್ಚುವುದು. ಕಾವು ಸರಿಯಾದ ಮಟ್ಟಕ್ಕೆ ಬಂದಾಗ ಬಿಲ್ಲೆ ಬಾಯಿ ಬಿಡುತ್ತದೆ, ದಾರದಿಂದ ಕಳಚಿ ಪಾತ್ರೆಯ ತಳಕ್ಕೆ 'ಟಕ್' ಎಂದು ಬೀಳುತ್ತದೆ. ಬಿದ್ದರೆ ಪಾಸು. ಆಮೇಲೆ ಅದೇ ದಾರವನ್ನು ಎಂಜಿನ್ನಿನ ಪೈಪಿಗೆ ಕಟ್ಟುವುದು. ನೋಡಿದವರಿಗೆ ತಿಳಿಯಬೇಕು, ಇದರ ಬಿಲ್ಲೆ ಬಿದ್ದದ್ದನ್ನು ಒಬ್ಬರು ಕಿವಿಯಾರೆ ಕೇಳಿದ್ದಾರೆ ಎಂದು. ಉಸ್ತಾದರದು ಕೌದಿ ಹೊಲಿಯುವ ದಪ್ಪ ಕಪ್ಪು ದಾರ, ಎರಡು ಗಂಟು. ನನ್ನದು ಒಂದೇ ಗಂಟು. ಕಲಬುರಗಿಗೆ ಬಂದ ಮೇಲೆ ನಾನು ಶರಣಬಸವೇಶ್ವರ ಗುಡಿಯ ಮುಂದೆ ಹೂ ಮಾರುವವರ ಹತ್ತಿರ ಸಿಗುವ ಬಿಳಿ ದಾರ ಬಳಸುತ್ತಿದ್ದೆ.

"ಎಂಜಿನ್ ಸುಳ್ಳು ಹೇಳಬಹುದು ಬೇಟಾ, ಗಿರಾಕಿ ಹೇಳಬಹುದು, ದಾರ ಹೇಳಬಾರ್ದು," ಅನ್ನುತ್ತಿದ್ದರು ಉಸ್ತಾದ್. ಒಮ್ಮೆ ಗೋದಿಯಲ್ಲಿ ಸೋಮಾರಿತನ ಮಾಡಿ ಪರೀಕ್ಷಿಸದೆ ದಾರ ಕಟ್ಟಿದ್ದಕ್ಕೆ ಎಲ್ಲರ ಎದುರಿಗೆ ಎಡಗೆನ್ನೆಗೆ ಬಿಟ್ಟಿದ್ದರು. ಆಗ ನನಗೆ ಇಪ್ಪತ್ತೆರಡು. ಕೆನ್ನೆ ಬಿಸಿಯಾಗಿದ್ದು ಇನ್ನೂ ನೆನಪಿದೆ. ಅವರು ತೀರಿಕೊಂಡದ್ದು ನಾನು ಹೇಳುತ್ತಿರುವ ಘಟನೆಗೆ ಆರು ವರ್ಷ ಮೊದಲು. ಮಣ್ಣು ಕೊಟ್ಟವರಲ್ಲಿ ನಾನೂ ಒಬ್ಬ.

ಮಾಪಣ್ಣನಿಗೆ ಈ ದಾರದ ಪದ್ಧತಿ ಹೇಳಿಕೊಟ್ಟವನು ನಾನೇ. ಅವನು ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಪೈಪಿನ ಮೇಲೆ ದಾರ ಕಾಣದೆ ಎಂಜಿನ್ನಿಗೆ ಚಾವಿ ಹಾಕುತ್ತಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು, ಕೆರೆ ತುಂಬಿ ನಿಂತಿತ್ತು. ಎಂಜಿನ್ ಅತಿಯಾಗಿ ಬಿಸಿಯಾಗುತ್ತಿದೆ ಎಂದು ಗುರುಪಾದಪ್ಪ ಫೋನು ಮಾಡಿದರು. ನಡು ಮಧ್ಯಾಹ್ನ ಹೋಗಿ ಥರ್ಮೋಸ್ಟಾಟಿನ ಗೂಡು ಬಿಚ್ಚಿದೆ. ಬಿಲ್ಲೆಯ ತುಂಬ ಸುಣ್ಣ. ಔಷಧಿ ಬೆರೆಸಿದ ನೀರು ಹಾಕಿ ಎಂದು ಹೇಳಿದ್ದರೂ ಅವರು ಬೋರಿನ ನೀರು ಸುರಿದಿದ್ದರು. ನಮ್ಮದು ಕಲ್ಲಿನ ಸೀಮೆ, ಇಲ್ಲಿಯ ನೀರು ಕಾಸಿದರೆ ಪಾತ್ರೆಯಲ್ಲಿ ಗೋಡೆ ಕಟ್ಟುತ್ತದೆ. ಸಿರ್ಕಾದಲ್ಲಿ ನೆನೆಹಾಕಿ ತಿಕ್ಕಿದೆ. ಮಾಪಣ್ಣ ಚಹಾ ಕಾಸುವ ಮೂರು ಕಲ್ಲಿನ ಒಲೆಯ ಮೇಲೆ ನೀರಿಟ್ಟು ದಾರ ತೂಗುಬಿಟ್ಟೆ. ನೀರು ಕುದಿದು ಕುದಿದು ಉಕ್ಕಿ ಬೆಂಕಿಗೆ ಬಿತ್ತು. ಬಿಲ್ಲೆ ಬೀಳಲಿಲ್ಲ. ಮತ್ತೆ ತಿಕ್ಕಿದೆ, ಮತ್ತೆ ಕಾಸಿದೆ. ಊಹುಂ. ಒಳಗಿನ ಮೇಣ ಸತ್ತಿತ್ತು.

"ಹೊಸಾದು ಮುಂಬಯಿಯಿಂದ ಬರಬೇಕ್ರೀ. ನಾಕೈದು ದಿನ ಹಿಡೀತದ," ಎಂದೆ.

"ನಾಕೈದು ದಿನಾ?" ಗುರುಪಾದಪ್ಪ ಹಣೆ ಬಡಿದುಕೊಂಡರು. "ಮಿಸ್ತ್ರಿ, ಗೊನಿ ಕಡದು ಒಟ್ಟೀನ್ರಿ ಆ ದಂಡ್ಯಾಗ. ನಾಳಿ ಲಾರಿ ಬರ್ತದ. ಕೆಂಪು ಬಾಳಿ ನಿಮ್ಮ ಬಿಲ್ಲಿ ಬರೋತನಕಾ ಕಾಯ್ತದೇನು? ತಗದು ಒಗೀರಿ ಅತ್ತಾಗ. ನನ್ನ ಟ್ರ್ಯಾಕ್ಟರಿನ್ಯಾಗ ಇಲ್ಲ, ನಮ್ಮ ಮಾವನ ಲಾರ್‍ಯಾಗ ಇಲ್ಲ. ಕಲಬುರ್ಗಿ ಬಿಸಲಾಗ ಹುಟ್ಟಿದ ಮಂದೀಗಿ ಎಂಜಿನ್ ಬೆಚ್ಚಗಿಡೋ ಹುಚ್ಚು ಯಾಕ?"

ಅಡ್ಡದಾರಿಯ ವಿಷಯ ಅವರಿಗೆ ವಿವರಿಸಬೇಕಿತ್ತು. ವಿವರಿಸತೊಡಗಿದೆ ಕೂಡ. ಅಷ್ಟರಲ್ಲಿ ಹೆಂಡತಿಯ ಮೂರನೆಯ ಫೋನು ಬಂತು. ಆ ದಿನ ಸಂಜೆ ಅವಳ ಅಣ್ಣನ ಮಗನ ನಿಶ್ಚಿತಾರ್ಥ. "ಎಲ್ಲದೀರಿ? ಎಲ್ಲಾರೂ ಬಂದಾರ. ನಿಮ್ಮ ಆ ತಗಡಿನ ಸಲುವಾಗಿ ನನ್ನ ತವರುಮನಿ ಮಂದಿ ಮುಂದ ನಾ ಏನಂತ ಹೇಳ್ಲಿ?" ಎಂದಳು. ನಾನು ಎಲ್ಲದಕ್ಕೂ ಹೆದರುವವನು ಎಂದೆನಲ್ಲ, ಆ ಗಳಿಗೆಯಲ್ಲಿ ಹತ್ತಿರದ ಹೆದರಿಕೆ ಗೆದ್ದಿತು. ಕೆಟ್ಟ ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಖಾಲಿ ಗೂಡಿಗೆ, ನೀರು ಸೋರದಿರಲು, ಗ್ರೀಸು ಹಚ್ಚಿದ ಗ್ಯಾಸ್ಕೆಟ್ ಇಟ್ಟು, ಮುಚ್ಚಳ ಹಾಕಿ ಎರಡು ಬೋಲ್ಟು ಬಿಗಿದೆ.

ಹೊರಡಲು ಎದ್ದಾಗ ಮಾಪಣ್ಣ ಪೈಪು ನೋಡಿ ಕೇಳಿದ. "ದಾರ ಕಟ್ಟಲಿಲ್ರೀ?"

ಒಲೆಯ ಹತ್ತಿರ ಅವನಿರಲಿಲ್ಲ, ಡೀಸೆಲ್ ತರಲು ಹೋಗಿದ್ದ. ಬಿಲ್ಲೆ ಬೀಳದ್ದು ಅವನಿಗೆ ಗೊತ್ತಿಲ್ಲ. ಗುರುಪಾದಪ್ಪ ನನ್ನ ಮುಖ ನೋಡಿದರು. ನಾನು ಉಂಡೆಯಿಂದ ಒಂದು ಗೇಣು ಬಿಳಿ ದಾರ ಕತ್ತರಿಸಿ ಪೈಪಿಗೆ ಕಟ್ಟಿದೆ. ಒಂದು ಗಂಟು. ಮಾಪಣ್ಣ ತಲೆಯಾಡಿಸಿ ಎಂಜಿನ್ನಿನ ಪೆಟ್ಟಿಗೆಗೆ ಬೀಗ ಹಾಕಿದ, ಚಾವಿಯನ್ನು ಉಡದಾರಕ್ಕೆ ಸಿಕ್ಕಿಸಿಕೊಂಡ.

ನಿಶ್ಚಿತಾರ್ಥದಲ್ಲಿ ನಾನು ಏನು ಉಂಡೆನೋ ಗೊತ್ತಿಲ್ಲ. ಜೇಬಿನ ಬಿಲ್ಲೆ ಅಂಗಿಗೆ ಹಸಿರು ಕಲೆ ಮಾಡಿತ್ತು. ಖೂಬಾ ಪ್ಲಾಟಿನ ನಮ್ಮ ಮನೆಗೆ ಬಂದ ಮೇಲೆ ಅದನ್ನು ಹೆಂಡತಿಯೇ ಹೊರಗೆ ತೆಗೆದು, "ಬೀಗರ ಮುಂದ ಇದನ್ನ ಎದಿಗಿ ಇಟಗೊಂಡು ಕುಂತಿದ್ರೇನು?" ಎಂದು ಟೇಬಲ್ಲಿನ ಮೇಲೆ ಇಟ್ಟಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ಬಿಲ್ಲೆ ನನ್ನ ಮನೆಯಲ್ಲಿತ್ತು ಎಂಬುದಕ್ಕೆ ನನ್ನೊಬ್ಬನದೇ ಸಾಕ್ಷಿಯಲ್ಲ. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಬೆಳಗಾದ ಕೂಡಲೇ ಮಾಪಣ್ಣನಿಗೆ ಫೋನು ಹಚ್ಚಿದೆ. ಕೆರೆಯ ಹತ್ತಿರ ರೇಂಜು ಸಿಗುವುದಿಲ್ಲ. ಗುರುಪಾದಪ್ಪನವರಿಗೆ ಒಂಬತ್ತೂವರೆಯವರೆಗೂ ಹಚ್ಚಿದೆ, ಎತ್ತಲಿಲ್ಲ. ಬಿಲ್ಲೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ. ಹುಮನಾಬಾದ್ ರಸ್ತೆಯಲ್ಲಿ ಅಂದು ನಾನು ಹೋದ ವೇಗದಲ್ಲಿ ಹಿಂದೆಂದೂ ಹೋಗಿಲ್ಲ. ವೇಗವೂ ನನ್ನ ಪಟ್ಟಿಯಲ್ಲಿದೆ.

ದಂಡೆಗೆ ಬಂದಾಗ ಹತ್ತೂವರೆ. ಲಾಂಚು ಅಲ್ಲಿರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ಪಡುವಣದಿಂದ ಗಾಳಿ ಎದ್ದು ನೀರಿನ ಮೇಲೆ ಬಿಳಿ ನೊರೆ ಓಡುತ್ತಿತ್ತು. ಬಹಳ ಹೊತ್ತಿನ ಮೇಲೆ ಆಚೆ ದಂಡೆಯಿಂದ ಅದು ಹೊರಟದ್ದು ಕಂಡಿತು. ಗೊನೆಗಳ ಭಾರಕ್ಕೆ ಅಂಚಿನವರೆಗೆ ಮುಳುಗಿತ್ತು. ಮೇಲೆ ಬಣ್ಣಬಣ್ಣದ ಸೆರಗುಗಳು. ಎಣಿಸಿದೆ, ಹನ್ನೊಂದು. ಗಾಳಿ ಅವರ ಎದುರಿಗೇ ಇತ್ತು. ಕೂಗಿದರೆ ಕೇಳುವ ದೂರವಲ್ಲ, ಕೇಳಿದರೂ ಮಾಡುವುದು ಏನಿಲ್ಲ. ಅವರಲ್ಲಿ ಯಾರಿಗೆ ಈಜು ಬರುತ್ತದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತೆ. ಕಾದ ಎಂಜಿನ್ ಹಿಡಿದುಕೊಳ್ಳುವ ಮೊದಲು ಸಣ್ಣಗೆ ಕಿರುಗುಟ್ಟುತ್ತದೆ. ಆ ದನಿ ನನಗೆ ಗೊತ್ತು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ಎಂಜಿನ್ ಒಂದೇ ಹದದಲ್ಲಿ ನಡೆಯುತ್ತ ನಡೆಯುತ್ತ ಹತ್ತಿರ ಬಂತು.

ಲಾಂಚು ತಾಗಿದ ಕೂಡಲೇ ಜಿಗಿದು ಒಳಗೆ ಹೋದೆ. ಕಾವಿನ ಮುಳ್ಳು ಎಂಬತ್ತೆರಡರ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ನಿನ ಮುಳ್ಳು ಹಾಗೆ ನಿಲ್ಲುವುದೇ ಇಲ್ಲ. ಪೆಟ್ಟಿಗೆ ತೆಗೆಸಿದೆ. ಪೈಪಿನ ಮೇಲೆ ನನ್ನ ಬಿಳಿ ದಾರ ಇರಲಿಲ್ಲ. ಅದೇ ಜಾಗದಲ್ಲಿ ಕಪ್ಪು ದಪ್ಪ ಕೌದಿಯ ದಾರ ಇತ್ತು. ಎರಡು ಗಂಟು.

"ಇದನ್ನ ಯಾರು ತಗದಿದ್ರು ಮಾಪಣ್ಣಾ?"

"ಯಾರು ತಗೀತಾರ್ರೀ? ಚಾವಿ ನನ್ನ ಸೊಂಟದಾಗ ಅದ. ಮುಂಜಾನಿ ಆರಕ್ಕ ನಾನೇ ಬೀಗ ತಗದೀನಿ." ಚಾವಿ ತೋರಿಸಿ ಮುಂದುವರಿಸಿದ. "ಒಂದು ಮಾತು. ಪೆಟ್ಟಿಗಿ ತಗದಾಗ ಸಾಬೂನಿನ ವಾಸನಿ ಬಂತ್ರಿ, ಯಾರೋ ಆಗಷ್ಟ ಜಳಕಾ ಮಾಡಿ ಹೋದಂಗ. ನೀವೇ ಏನರೆ ಹಚ್ಚೀರಿ ಅಂದ್ಕೊಂಡೆ."

ಗ್ಯಾಸ್ಕೆಟ್ಟಿಗೆ ನಾನು ಗ್ರೀಸು ಹಚ್ಚುತ್ತೇನೆ. ಉಸ್ತಾದ್ ಹಚ್ಚುತ್ತಿದ್ದುದು ಮೈಗೆ ಹಚ್ಚುವ ಕೆಂಪು ಸಾಬೂನು.

ಎಂಜಿನ್ ಆರುವವರೆಗೆ ಕಾಯುವುದು ಕಷ್ಟವಾಯಿತು. ಹೆಣ್ಣುಮಕ್ಕಳು ಗೊನೆ ಇಳಿಸಿ, ಒಲೆಯ ಸುತ್ತ ಚಹಾಕ್ಕೆ ಕೂತರು. ಮುಚ್ಚಳ ಬಿಚ್ಚಿದೆ. ಗ್ಯಾಸ್ಕೆಟ್ ಕೆಂಪಗೆ ಜಾರುತ್ತಿತ್ತು. ಒಳಗೆ ಒಂದು ಥರ್ಮೋಸ್ಟಾಟ್ ಕೂತಿತ್ತು. ಹಳೆಯದು, ಆದರೆ ತಿಕ್ಕಿ ತಿಕ್ಕಿ ಬಂಗಾರದ ಹಾಗೆ ಮಾಡಿದ್ದು. ಗಾಳಿ ಹೋಗಲು ಅದರ ಅಂಚಿನಲ್ಲಿ ಒಂದು ಸಣ್ಣ ತೂತಿರುತ್ತದೆ. ಕೂಡಿಸುವಾಗ ಆ ತೂತು ಮೇಲ್ಗಡೆ ಬರಬೇಕು, "ಆಸ್ಮಾನ್ ನೋಡಬೇಕು" ಎಂದು ಉಸ್ತಾದ್ ಹೇಳುತ್ತಿದ್ದರು. ಅದು ನೆಟ್ಟಗೆ ಆಕಾಶ ನೋಡುತ್ತಿತ್ತು.

ಜೇಬು ಮುಟ್ಟಿಕೊಂಡೆ. ಕೆಟ್ಟ ಬಿಲ್ಲೆ ಅಲ್ಲೇ ಇತ್ತು.

ಏನು ಮಾಡಬೇಕೆಂದು ತಿಳಿಯದೆ, ಗೊತ್ತಿದ್ದುದನ್ನೇ ಮಾಡಿದೆ. ಪಾತ್ರೆ ಬೇಡಿದೆ, ನೀರಿಟ್ಟೆ, ಬಿಳಿ ದಾರ ಸಿಕ್ಕಿಸಿ ಬಿಲ್ಲೆ ತೂಗುಬಿಟ್ಟೆ. ಕೂಲಿಯವರಲ್ಲಿ ಹಿರಿಯಳಾದ ಶಾಂತಮ್ಮ ನಕ್ಕಳು. "ಏನ್ ಮಿಸ್ತ್ರಿ, ನಿಮ್ಮನ್ಯಾಗ ಕಬ್ಬಿಣ ಕುದಿಸಿ ಚಾ ಮಾಡ್ತಾರೇನು? ಸಕ್ಕರಿ ಎಷ್ಟು ಹಾಕ್ಲಿ?" ಎಲ್ಲರೂ ನಕ್ಕರು. ಪಾತ್ರೆಯ ಅಂಚಿನಲ್ಲಿ ಗುಳ್ಳೆ ಏಳತೊಡಗಿದವು. ಟಕ್.

ಅಲ್ಲೇ ಕೂತೆ. ಮಾಪಣ್ಣನನ್ನು ಕರೆದು, ನಿನ್ನೆಯ ಬಿಲ್ಲೆ ಬಿದ್ದಿರಲಿಲ್ಲವೆಂದೂ, ಗೂಡು ಖಾಲಿ ಬಿಟ್ಟು ದಾರ ಕಟ್ಟಿದ್ದೆನೆಂದೂ ಹೇಳಿದೆ. ಜೇಬಿನದನ್ನು ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ತಿರುಗಿಸಿ ನೋಡಿದ. ಚಹಾ ಕುಡಿಯುತ್ತಿದ್ದ ಹೆಣ್ಣುಮಕ್ಕಳ ಕಡೆ ನೋಡಿದ. ಅವರಲ್ಲಿ ಅವನ ಹೆಂಡತಿಯೂ ಇದ್ದಳು ಎಂಬುದು ನನಗೆ ಆಗ ಗೊತ್ತಾಯಿತು. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ನಿಮ್ಮ ದಾರ ನೋಡಿ ಮಂದೀನ ಹತ್ತಿಸೀನ್ರಿ ನಾ," ಎಂದ. ಬಳಿಕ ಪೈಪಿನ ಕಡೆ ಕೈ ಮಾಡಿ, "ಹಂಗಾರ ಅದು ಯಾರದ್ರೀ?" ಎಂದು ಕೇಳಿದ.

ಅದರ ಉತ್ತರವನ್ನು ಇವತ್ತಿಗೂ ಹುಡುಕುತ್ತಿದ್ದೇನೆ. ಗುರುಪಾದಪ್ಪ ರಾತ್ರೋರಾತ್ರಿ ಬೇರೆ ಮಿಸ್ತ್ರಿಯನ್ನು ಕರೆಸಿದರೇ? ಕರೆಸಿದ್ದರೆ ಅವರು ಈ ನಾಲ್ಕು ವರ್ಷದಲ್ಲಿ ನಲವತ್ತು ಸಲ ನನಗೆ ಹೇಳಿ ಹಂಗಿಸುತ್ತಿದ್ದರು. "ಥೂ, ನನಗ್ಯಾಕ ಬೇಕಾಗ್ಯಾದ?" ಎಂದು ಆಣೆ ಮಾಡುತ್ತಾರೆ. ಮಾಪಣ್ಣನಿಗೆ ಬಿಲ್ಲೆ ಕೂಡಿಸಲು ಬರುವುದಿಲ್ಲ. ಉಸ್ತಾದರ ಮಕ್ಕಳು ಯಾರೂ ಈ ಕೆಲಸಕ್ಕೆ ಬರಲಿಲ್ಲ, ಲಾಂಚಿನ ಸುದ್ದಿ ಅವರಿಗೆ ಗೊತ್ತೂ ಇಲ್ಲ. ನನ್ನ ಹೆಂಡತಿಯ ತೀರ್ಮಾನ ಸರಳ. "ನೀವೇ ಹಾಕಿ ಮರತೀರಿ. ಗ್ಯಾಸ್ ಬಂದ್ ಮಾಡಿದ್ದು ನೆಪ್ಪಿರಂಗಿಲ್ಲ ನಿಮಗ, ಇದು ನೆಪ್ಪಿರ್ತದೇನು?" ಅದನ್ನೂ ಯೋಚಿಸಿದ್ದೇನೆ. ಸಾಮಾನಿನ ಡಬ್ಬಿಯಲ್ಲಿ ಉಸ್ತಾದರ ಕಾಲದ ಒಂದು ಬಿಲ್ಲೆ ಇದ್ದು, ಹೆದರಿಕೆಯ ಮಂಪರಿನಲ್ಲಿ ನಾನೇ ಅದನ್ನು ಹಾಕಿ, ಮರೆತು, ಹಾಕಿಲ್ಲವೆಂದು ರಾತ್ರಿಯಿಡೀ ಹೊರಳಾಡಿದೆನೇ? ಹಾಗಿದ್ದರೆ ನಾನು ಬದುಕಿದೆ. ಆದರೆ ಸಾಬೂನು ನನ್ನ ಡಬ್ಬಿಯಲ್ಲಿ ಇರಲಿಲ್ಲ. ಕೌದಿಯ ದಾರ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ನನ್ನ ಬಿಳಿ ದಾರವನ್ನು ಲಾಂಚಿನ ತಳದ ನೀರೆಲ್ಲ ತೋಡಿ ಹುಡುಕಿದೆ, ಸಿಗಲಿಲ್ಲ.

ಹೊಸ ಬಿಲ್ಲೆ ಮುಂಬಯಿಯಿಂದ ಬಂತು. ಅದನ್ನು ಹಾಕಲಿಲ್ಲ. ಮಾಪಣ್ಣ ಹಾಕಗೊಡಲಿಲ್ಲ. ನನ್ನ ಮೇಲಿನ ಅವನ ನಂಬಿಕೆಯೂ ಮರಳಿ ಬರಲಿಲ್ಲ. ಈಗ ಪ್ರತಿ ವರ್ಷ ಬಿಲ್ಲೆ ತೊಳೆಯಲು ಹೋದಾಗ ಅವನು ಒಲೆಯ ಎದುರು ಕುಕ್ಕರಗಾಲಿನಲ್ಲಿ ಕೂತು ಪಾತ್ರೆಯಿಂದ ಕಣ್ಣು ಕೀಳುವುದಿಲ್ಲ. ಟಕ್ ಎಂದ ಮೇಲೆಯೇ "ಈಗ ಕಟ್ರಿ" ಅನ್ನುತ್ತಾನೆ. ಎಣ್ಣೆ ಕುಡಿದು ಇನ್ನೂ ಗಟ್ಟಿಯಾಗಿರುವ ಆ ಕಪ್ಪು ದಾರದ ಪಕ್ಕದಲ್ಲಿ ನನ್ನ ಬಿಳಿ ದಾರ ಕಟ್ಟುತ್ತೇನೆ. ಒಂದು ಗಂಟು. ಕಟ್ಟುವಾಗ ಎಡಗೆನ್ನೆ ಸ್ವಲ್ಪ ಬಿಸಿಯಾದ ಹಾಗೆ ಅನ್ನಿಸುತ್ತದೆ. ಬಿಸಿಲು ಇರಬಹುದು.

ಆದರೆ ಕಷ್ಟ ಕಟ್ಟುವಾಗ ಅಲ್ಲ, ಬಿಚ್ಚುವಾಗ. ಮೊದಲನೆಯ ಬೋಲ್ಟು ತೆಗೆಯುತ್ತೇನೆ, ಎರಡನೆಯದಕ್ಕೆ ಕೈ ನಿಲ್ಲುತ್ತದೆ. ಮುಚ್ಚಳ ಎತ್ತಿದಾಗ ಗೂಡು ನಾನು ಅಂದು ಬಿಟ್ಟು ಹೋದ ಹಾಗೆಯೇ ಖಾಲಿ ಇದ್ದರೆ? ಪಟ್ಟಿಯ ಮೊದಲ ಜಾಗದಲ್ಲಿ ಈಗ ಇರುವುದು ಅದು. ಹಿಂದೆ ನಿಂತ ಮಾಪಣ್ಣನಿಗೆ ನನ್ನ ಕೈ ನಿಂತದ್ದು ಕಾಣುತ್ತದೆ.

"ಅದ ಏನ್ರೀ?" ಎಂದು ಕೇಳುತ್ತಾನೆ.

ಮುಚ್ಚಳ ಎತ್ತಿ ನೋಡಿ, "ಅದ," ಎನ್ನುತ್ತೇನೆ.

ಇಲ್ಲಿಯತನಕ ಪ್ರತಿ ವರ್ಷವೂ ಅದು ಅಲ್ಲಿತ್ತು. ಈ ವರ್ಷ ಬರುವ ಸೋಮವಾರ ಹೋಗಬೇಕು.